ಪಾರ್ಚ್‌ಮೆಂಟ್ ಡಬ್ಬಿಯ ಲೆನ್ಸು

ಕೊಟ್ಟಿಗೆಹಾರದಲ್ಲಿ ನನ್ನ ಹೋಟೆಲಿನ ಎದುರಿಗೇ ಇದ್ರೀಸನ ಫೋಟೊ ಸ್ಟುಡಿಯೊ. ಚಾರ್ಮಾಡಿ ಘಾಟಿ ಇಳಿಯುವವರೂ ಹತ್ತಿ ಬಂದವರೂ ನನ್ನಲ್ಲಿ ನೀರುದೋಸೆಗೆ ನಿಲ್ಲುತ್ತಾರೆ. ತಿಂದು, ಕೈ ಒರೆಸಿಕೊಂಡು, ರಸ್ತೆಯ ಮಂಜಿನಲ್ಲಿ ತಮ್ಮ ಫೋಟೊ ತಾವೇ ತೆಗೆದುಕೊಂಡು ಹೋಗುತ್ತಾರೆ. ಎದುರಿಗೊಂದು ಸ್ಟುಡಿಯೊ ಇದೆ ಎಂದು ತಲೆ ಎತ್ತಿ ನೋಡಿದವರನ್ನು ನಾನು ಕಂಡಿಲ್ಲ. ಇದ್ರೀಸ್ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಅವರನ್ನು ನೋಡುತ್ತಿರುತ್ತಾನೆ. ಸಿಟ್ಟೇನೂ ಇಲ್ಲ. "ಅಷ್ಟು ಹತ್ರ ಹಿಡಿದ್ರೆ ಮೂಗು ದೊಡ್ಡದಾಗ್ತದೆ ಭಟ್ರೆ" ಎನ್ನುತ್ತಾನೆ, ಅಷ್ಟೇ.

ಅವನ ವಿಷಯ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ತ್ರಿಪುರಸುಂದರಿ, "ಬರೆಯೋ ಅಂಥದ್ದು ಅವನೆಂತ ಮಾಡಿದಾನೆ?" ಎಂದಳು. ಏನೂ ಮಾಡಿಲ್ಲ. ಒಂದು ಒಳ್ಳೆಯ ಲೆನ್ಸನ್ನು ಬಿಚ್ಚಿ ಅರ್ಧ ಹಾಳು ಮಾಡಿದ್ದಾನೆ. ಅದನ್ನೇ ಬರೆಯುತ್ತಿದ್ದೇನೆ.

ಇದ್ರೀಸನ ಅಪ್ಪ ಸಮೀಉಲ್ಲಾ ಲಾರಿ ಮೆಕ್ಯಾನಿಕ್. ಘಾಟಿ ಹತ್ತುವಾಗ ಕೆಟ್ಟು ನಿಂತ ಲಾರಿಗಳ ಅಡಿಯಲ್ಲೇ ಅವರ ಆಯುಷ್ಯ ಕಳೆಯಿತು. ದೊಡ್ಡ ಮಗ ಅಫ್ಜಲ್ ಗ್ಯಾರೇಜು ಹಿಡಿದ. ಚಿಕ್ಕವನಿಗೆ ಗ್ರೀಸು ಕಂಡರಾಗದು. ಊಟಕ್ಕೆ ಕೂತರೆ ಮೊದಲು ಉಗುರು ನೋಡಿಕೊಳ್ಳುತ್ತಿದ್ದ. ಇವನು ಈ ಕಸುಬಿಗೆ ಆಗುವವನಲ್ಲ ಎಂದು ಅಪ್ಪ ಅವನನ್ನು ಮೂಡಿಗೆರೆಯ ಗುರುವಯ್ಯನವರ ಸ್ಟುಡಿಯೊಕ್ಕೆ ಸೇರಿಸಿದರು. ಗಲ್ಲ ಎತ್ತಿಸುವುದು, ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಮೊಡವೆ ಅಳಿಸುವುದು, ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಊಟಕ್ಕೆ ಕೂತುಬಿಡುವುದು, ಎಲ್ಲ ಅಲ್ಲಿ ಕಲಿತ. ಗುರುವಯ್ಯ ಮಾತು ಕಡಿಮೆಯ ಮನುಷ್ಯ. ಆದರೂ ಒಂದು ಮಾತನ್ನು ದಿನವೂ ಹೇಳುತ್ತಿದ್ದರಂತೆ: "ಫೋಟೊ ಕೆಟ್ರೆ ಒಂದೊಂದನ್ನೇ ಬದಲಾಯಿಸಿ ನೋಡು. ಎರಡನ್ನ ಒಟ್ಟಿಗೆ ಬದಲಾಯಿಸಿದ್ಯೋ, ಯಾವುದು ಕೆಟ್ಟಿತ್ತು ಅಂತ ಕೊನೇವರೆಗೂ ಗೊತ್ತಾಗಲ್ಲ." ಇದನ್ನು ಇದ್ರೀಸ್ ನನ್ನ ಕಿವಿಗೆ ಎಷ್ಟು ಸಲ ಹಾಕಿದ್ದಾನೆಂದರೆ, ಸಾಂಬಾರು ಕೆಟ್ಟ ದಿನ ನಾನೂ ಅಡುಗೆಯವರಿಗೆ ಅದನ್ನೇ ಹೇಳುತ್ತೇನೆ.

ಕೊಟ್ಟಿಗೆಹಾರದಲ್ಲಿ ಅವನ ಸ್ವಂತ ಸ್ಟುಡಿಯೊ ಒಂದಷ್ಟು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಮದುವೆಗಳಿಗೆ ಮಂಗಳೂರಿನಿಂದ ಡ್ರೋನು ಹಿಡಿದ ತಂಡಗಳು ಬಂದವು. ಇದ್ರೀಸನಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು. ಬಾಗಿಲು ಹಾಕಿ ಗ್ಯಾರೇಜಿಗೆ ಬಾ ಎಂದು ಅಫ್ಜಲ್ ಕರೆದ. ಇದ್ರೀಸ್ ಹೋಗಲಿಲ್ಲ. ಪ್ಲಾಂಟರೊಬ್ಬರು ಹವ್ಯಾಸ ಮುಗಿದು ಮಾರುತ್ತಿದ್ದ ಹಳೆಯ ಮ್ಯಾಕ್ರೋ ಲೆನ್ಸನ್ನು ಕೊಂಡು ತಂದ.

ಮ್ಯಾಕ್ರೋ ಎಂದರೆ ಚಿಕ್ಕದನ್ನು ಹತ್ತಿರದಿಂದ ತೆಗೆಯುವ ಲೆನ್ಸು. ಅದರಲ್ಲಿ ಕಟ್ಟಿರುವೆಯ ಮೀಸೆಯೂ ಕಾಣುತ್ತದೆ. ಮೊಬೈಲಿನವರು ಮುಖ ತೆಗೆದುಕೊಂಡರು, ಡ್ರೋನಿನವರು ಆಕಾಶ ತೆಗೆದುಕೊಂಡರು, ನಿನ್ನ ಪಾಲಿಗೆ ಇರುವೆ ಬಂತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಆದರೆ ಸ್ಟುಡಿಯೊ ಬದುಕಿದ್ದು ಆ ಇರುವೆಯಿಂದಲೇ. ಕಾಫಿ ಎಲೆಯ ಅಡಿಯ ತುಕ್ಕು ರೋಗ, ಹಣ್ಣಿನ ತುದಿಯಲ್ಲಿ ಹುಳು ಕೊರೆದ ಸೂಜಿಮೊನೆಯಷ್ಟು ತೂತು, ಇಂಥವನ್ನು ತೆಗೆದುಕೊಡಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಕರೆಯತೊಡಗಿದರು. ಹೋಂಸ್ಟೇಯವರು ಗೋಡೆಗೆ ಹಾಕಲು ಹೂವು, ಕಪ್ಪೆ, ಜೇಡ ಕೇಳಿದರು. ಆ ಲೆನ್ಸು ಹೋದರೆ ಸ್ಟುಡಿಯೊ ಹೋಯಿತು, ಸ್ಟುಡಿಯೊ ಹೋದರೆ ಇದ್ರೀಸ್ ಲಾರಿಯ ಅಡಿಗೆ ಹೋಗಬೇಕು. ಇದು ಅವನಿಗೂ ಗೊತ್ತಿತ್ತು, ಅವನ ಹೆಂಡತಿ ಅನ್ವರಿಗೂ ಗೊತ್ತಿತ್ತು, ಎದುರಿನ ಹೋಟೆಲಿನವನಾದ ನನಗೂ ಗೊತ್ತಿತ್ತು.

ಹತ್ತಿರದಿಂದ ತೆಗೆಯುವುದು ಸುಲಭ ಎಂದು ನಾನು ತಿಳಿದಿದ್ದೆ. ಒಮ್ಮೆ ಹೋಟೆಲಿನ ಹಿಂದೆ ಕೆಸುವಿನ ಎಲೆಯ ಮೇಲೆ ಕೂತಿದ್ದ ಹುಳುವನ್ನು ತೆಗೆಯಿರಿ ಎಂದು ಇದ್ರೀಸ್ ಕ್ಯಾಮೆರಾವನ್ನು ನನ್ನ ಕೈಗೇ ಕೊಟ್ಟ. ಹುಳುವಿನ ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು, ರೆಕ್ಕೆ ಸ್ಪಷ್ಟವಾದರೆ ಕಣ್ಣು ಮಸುಕು. ಲೆನ್ಸಿನ ಉಂಗುರ ತಿರುಗಿಸಿದಷ್ಟೂ ಮಸುಕು ಜಾಗ ಬದಲಾಯಿಸುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ.

"ಉಂಗುರ ಬಿಡಿ ಭಟ್ರೆ. ಅದನ್ನ ಒಂದು ಕಡೆ ಇಟ್ಟು ನೀವೇ ಸ್ವಲ್ಪ ಮುಂದೆ ಹಿಂದೆ ಬಾಗಿ. ಇಷ್ಟು ಹತ್ರ ಬಂದ್ರೆ ಸ್ಪಷ್ಟ ಕಾಣೋ ಜಾಗ ನಿಮ್ಮ ನೀರುದೋಸೆಗಿಂತ ತೆಳು."

ಅದನ್ನು ದಪ್ಪ ಮಾಡಬೇಕಾದರೆ ಲೆನ್ಸಿನ ಒಳಗಿನ ಕಿಂಡಿಯನ್ನು ಕಿರಿದು ಮಾಡಬೇಕು. ಕಿಂಡಿ ಕಿರಿದಾದರೆ ಬೆಳಕು ಸಾಲದು. ಬೆಳಕು ಸಾಲದಿದ್ದರೆ ಹೆಚ್ಚು ಹೊತ್ತು ತೆರೆದಿಡಬೇಕು. ಆಗ ಕೈಯ ನಡುಕ, ಗಾಳಿ ಎಲ್ಲ ಫೋಟೊದೊಳಗೆ ಬರುತ್ತವೆ. ಹಾಗಾಗಿ ಸ್ಟ್ಯಾಂಡು ಬೇಕು, ಗಾಳಿ ಏಳುವ ಮೊದಲಿನ ಬೆಳಗು ಬೇಕು, ಪಕ್ಕದಿಂದ ಬೆಳಕು ತಿರುಗಿಸಲು ಒಂದು ಬಿಳಿ ಥರ್ಮಾಕೋಲು ಬೇಕು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುವ ಈ ಕೆಲಸ ನನಗೆ ಹೇಳಿ ಮಾಡಿಸಿದ್ದಲ್ಲ ಎಂದು ಕ್ಯಾಮೆರಾ ಹಿಂದೆ ಕೊಟ್ಟೆ. ಹುಳು ಅಷ್ಟರಲ್ಲಿ ಹಾರಿಹೋಗಿತ್ತು.

ಇನ್ನು ಮಳೆಗಾಲದ ಮಾತು. ನಮ್ಮಲ್ಲಿ ಬೆಲ್ಟು, ಚಪ್ಪಲಿ, ಮದುವೆಯ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸಿನ ಗಾಜಿಗೂ ಬಿಡುವುದಿಲ್ಲ. ಕ್ಯಾಮೆರಾ ಇಟ್ಟುಕೊಂಡವರು ಒಬ್ಬೊಬ್ಬರು ಒಂದೊಂದು ಉಪಾಯ ಮಾಡುತ್ತಾರೆ. ಕೆಲವರು ಅಕ್ಕಿ ಡಬ್ಬಿಯಲ್ಲಿ ಇಡುತ್ತಾರೆ. ಅಕ್ಕಿಯ ಧೂಳು ಉಂಗುರದೊಳಗೆ ಹೋಗುತ್ತದೆ ಎಂದು ಇದ್ರೀಸನಿಗೆ ಅದು ಆಗದು. ಕೆಲವರು ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೇ ಇರುವುದಿಲ್ಲ. ಇದ್ರೀಸ್ ಕಂಡುಕೊಂಡದ್ದು ಪಾರ್ಚ್‌ಮೆಂಟು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿ ಅದು. ಮೇಲಿನ ತೆಳು ಹೊಟ್ಟು ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಬೊಗಸೆಯಲ್ಲಿ ಆಡಿಸಿದರೆ ಗಲಗಲ ಎನ್ನುವಷ್ಟು ಒಣಗಿರುತ್ತದೆ. ಅದನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ, ನಡುವೆ ಬಟ್ಟೆ ಸುತ್ತಿದ ಲೆನ್ಸು ಹೂತು, ಮುಚ್ಚಳ ಹಾಕಿದ.

ಕಾಫಿ ಸೀಮೆಯವರು ಮಾತ್ರ ಮಾಡುವ ತಪ್ಪು ಇದು. ಕಾಫಿ ತೇವ ಕುಡಿಯುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಮಳೆಗೆ ಮೊದಲು ಮೂಟೆಗಳನ್ನು ಹೊಟ್ಟು ತೆಗೆಯುವ ಕ್ಯೂರಿಂಗ್ ಕಾರ್ಖಾನೆಗೆ ಸಾಗಿಸಿಬಿಡುತ್ತಾರೆ. ಕುಡಿದದ್ದನ್ನು ಅದು ಎಲ್ಲಿಡುತ್ತದೆ ಎಂದು ಇದ್ರೀಸ್ ಕೇಳಿಕೊಳ್ಳಲಿಲ್ಲ. ಮಳೆಗಾಲದಲ್ಲೂ ಕೆಲಸ ಬಂದಾಗ ಡಬ್ಬಿ ತೆರೆಯುತ್ತಿದ್ದ. ತೆರೆದಾಗೆಲ್ಲ ಮಂಜು ಒಳಗೆ ಹೋಯಿತು, ಕಾಫಿ ಕುಡಿಯಿತು. ಮಳೆ ನಿಂತ ಮೇಲೆ ಕೈ ಹಾಕಿ ನೋಡಿದರೆ ಪಾರ್ಚ್‌ಮೆಂಟು ಉಬ್ಬಿ, ಬಿಳಿಚಿಕೊಂಡು, ಒದ್ದೆ ಗೋಣಿಯ ವಾಸನೆ ಹೊಡೆಯುತ್ತಿತ್ತು. ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟ. ಒಳಗಿನ ಒಂದು ಗಾಜಿನ ಅಂಚಿನಲ್ಲಿ ಜೇಡನ ಬಲೆಯ ಚೂರಿನಂಥ ಬಿಳಿ ಎಳೆ ಇತ್ತು.

ಅಂಚಿನಲ್ಲಿ ಒಂದಿಷ್ಟು ಬೂಷ್ಟಿದ್ದರೆ ಫೋಟೊಕ್ಕೆ ಏನೂ ಆಗುವುದಿಲ್ಲ ಎಂದು ಅವನೇ ಬೇರೆಯವರಿಗೆ ಧೈರ್ಯ ಹೇಳುತ್ತಿದ್ದ. ಅದು ಬೇರೆಯವರ ಲೆನ್ಸು. ತನ್ನದರಲ್ಲಿ ಕಂಡ ದಿನದಿಂದ ಅವನಿಗೆ ಊಟ ಸೇರಲಿಲ್ಲ. ಅದೇ ವಾರ ರೈಟರೊಬ್ಬರಿಗೆ ಎಲೆಯ ಫೋಟೊ ತೆಗೆದುಕೊಟ್ಟ. ಎಲೆಯ ನರ ನರವೂ ಕಾಣುತ್ತಿತ್ತು. ಏನೋ ಅದೃಷ್ಟ ಎಂದ. ಅನ್ವರಿ ಸ್ಟುಡಿಯೊದ ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳು ಬಂದು ನನ್ನ ಹೆಂಡತಿಯ ಹತ್ತಿರ, "ಯಾವಾಗ ನೋಡಿದ್ರೂ ಟಾರ್ಚ್ ಹಿಡ್ಕೊಂಡು ಅದರೊಳಗೇ ಇಣುಕ್ತಿರ್ತಾರೆ ಅಕ್ಕ, ಕರೆದ್ರೂ ಕೇಳ್ಸಲ್ಲ" ಎಂದು ದೂರಿದಳು.

ಆಗ ಅವನ ಕೈಯಲ್ಲಿ ಒಂದು ಕೆಲಸ ಬಾಕಿ ಇತ್ತು. ಕಳಸದ ದಾರಿಯಲ್ಲಿ ಪಂಚಮಿ ಎಂಬವರ ಎಸ್ಟೇಟು, ಅದರೊಳಗೆ ಹೋಂಸ್ಟೇ. ಊಟದ ಹಾಲಿನ ಗೋಡೆಗೆ ಮೂರು ದೊಡ್ಡ ಫೋಟೊ ಹೇಳಿದ್ದರು: ಕಾಫಿ ಹೂವು, ಕಾಯಿ, ಹಣ್ಣು ಕೀಳುವ ಕೈ. ಹೂವನ್ನು ಬೇಸಿಗೆಯ ಮೊದಲ ಮಳೆ ಬಿದ್ದಾಗ ತೆಗೆದಾಗಿತ್ತು, ಕಾಯನ್ನು ಮಳೆಗಾಲದ ಒಂದು ಬಿಡುವಿನಲ್ಲಿ. ಕೈ ಒಂದು ಉಳಿದಿತ್ತು. ಕ್ರಿಸ್‌ಮಸ್ ರಜೆಗೆ ಜನ ಬರುವ ಮೊದಲು ಅದೂ ಬೇಕು ಎಂದು ಪಂಚಮಿಯವರು ಫೋನು ಮಾಡಿದರು. ಈ ಫೋಟೊ ಸರಿ ಬಂದರೆ ಲೆನ್ಸು ಉಳಿದಿದೆ, ಬಾರದಿದ್ದರೆ ಹೋಗಿದೆ ಎಂದು ಇದ್ರೀಸ್ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡುಬಿಟ್ಟಿದ್ದ.

ಕೈ ಯಾರದು ಎಂಬ ಪ್ರಶ್ನೆಯೇ ಬರಲಿಲ್ಲ. ಭಾಗಮ್ಮ ಆ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಮಗ ಸೊಸೆಯರ ಜೊತೆ ಇರುವವಳು, ಮದುವೆಯಾಗಿ ಬಂದಾಗಿನಿಂದ ಅಲ್ಲೇ ಹಣ್ಣು ಕೀಳುತ್ತಾ ಮುದುಕಿಯಾದವಳು. ಹೊಸಬರು ಬಂದರೆ ಮೇಸ್ತ್ರಿ ಅವಳ ಪಕ್ಕದ ಸಾಲಿಗೇ ಬಿಡುತ್ತಾನೆ. ಅವಳು ಕೆಂಪು ಹಣ್ಣನ್ನಷ್ಟೇ ತಿರುಚಿ ತೆಗೆಯುತ್ತಾಳೆ. ಅದಕ್ಕೆ ತಾಗಿಕೊಂಡ ಹಸಿ ಕಾಯಿ ಅಲ್ಲಾಡುವುದೂ ಇಲ್ಲ.

ಹೋಟೆಲಿಗೆ ಕಾಳುಮೆಣಸು ತರುವುದಿತ್ತೆಂದು ಅವತ್ತು ನಾನೂ ಇದ್ರೀಸನ ಜೊತೆ ಹೋಗಿದ್ದೆ. ಭಾಗಮ್ಮನ ಕೈ ಹಣ್ಣಿನ ಅಂಟಿನಿಂದ ಕಪ್ಪಾಗಿತ್ತು.

"ಭಾಗಮ್ಮ, ಕರೆ ಹೋಗೋ ಹಂಗೆ ಚೆನ್ನಾಗಿ ತೊಳ್ಕೊಂಡು ಬನ್ನಿ" ಎಂದ ಇದ್ರೀಸ್.

"ಅದೊಂದು ಈಗ ಅಭ್ಯಾಸ ಆಗೋಗಿದೆ ಸಾಬ್ರೆ" ಎಂದು ಅವಳು ನಲ್ಲಿಯ ಹತ್ತಿರ ಹೋದಳು. ಸುಮಾರು ಹೊತ್ತು ಬರಲಿಲ್ಲ. ಬಂದಾಗ ಬೆರಳುಗಳು ಕೆಂಪಾಗಿದ್ದವು.

ರೆಂಬೆಯ ಮೇಲಿನ ಒಂದು ಹಣ್ಣನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಸಿ, ಉಸಿರು ಕಟ್ಟಿ, ಫೋಟೊ ತೆಗೆದ. ಕ್ಯಾಮೆರಾದ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆವು. ಹಣ್ಣು ಚೆನ್ನಾಗಿತ್ತು, ಅದರ ತುದಿಯ ಹೊಕ್ಕುಳು, ಮೇಲಿನ ಇಬ್ಬನಿ ಎಲ್ಲ ಸ್ಪಷ್ಟ. ಹೆಬ್ಬೆರಳು ಮಾತ್ರ ಯಾರೋ ಒರೆಸಿಬಿಟ್ಟ ಹಾಗೆ ನುಣ್ಣಗೆ, ಒಂದು ಗೆರೆಯೂ ಇಲ್ಲದೆ ಬಂದಿತ್ತು.

"ಬೆರಳು ಮಸುಕು" ಎಂದ ಇದ್ರೀಸ್.

ಬೆರಳು ಹಣ್ಣಿಗಿಂತ ಕೂದಲೆಳೆಯಷ್ಟು ಹಿಂದಿದೆ ಎಂದು ಕಿಂಡಿ ಕಿರಿದು ಮಾಡಿದ. ಹಾಗೇ ಬಂತು. ಕೈ ನಡುಗಿರಬೇಕು ಎಂದು ಸ್ಟ್ಯಾಂಡು ಹಾಕಿದ, ಭಾಗಮ್ಮನ ಮೊಣಕೈ ಅಡಿಗೆ ಹಣ್ಣಿನ ಬುಟ್ಟಿ ಇಟ್ಟ. ಹಾಗೇ ಬಂತು. ಬೆಳಕು ನೇರ ಬಿದ್ದರೆ ಗೆರೆ ಅಳಿಸಿದಂತೆ ಕಾಣುತ್ತದೆ ಎಂದು ಥರ್ಮಾಕೋಲನ್ನು ನನ್ನ ಕೈಗೆ ಕೊಟ್ಟು ಪಕ್ಕದಿಂದ ಹಿಡಿಸಿದ. ನನ್ನ ತೋಳಿಗೆ ನೋವು ಬಂತು, ಗೆರೆ ಬರಲಿಲ್ಲ.

"ನಾನು ಸರಿ ಹಿಡ್ಕಂಡಿಲ್ವೇನೋ" ಎಂದಳು ಭಾಗಮ್ಮ. ಅವಳ ಮುಖ ಸಣ್ಣದಾಗಿತ್ತು.

"ನಿಮ್ದಲ್ಲ ಭಾಗಮ್ಮ. ನನ್ನ ಲೆನ್ಸಿಂದು" ಎಂದ ಇದ್ರೀಸ್.

ಉಗುರಿನ ಪಕ್ಕದಲ್ಲಿ ಬೆರಳಿಗೊಂದು ಬಿರುಕಿತ್ತು. ಅದು ಎಲ್ಲ ಫೋಟೊದಲ್ಲೂ ಕತ್ತಿಯಿಂದ ಗೀರಿದಷ್ಟು ಸ್ಪಷ್ಟವಾಗಿತ್ತು. ಇದ್ರೀಸ್ ಅದನ್ನು ನೋಡಿದ, ನೋಡಿ ಬಿಟ್ಟ. ಅವನ ತಲೆಯಲ್ಲಿ ಆ ಡಬ್ಬಿಯ ವಾಸನೆ ಕೂತಿತ್ತು. ದಾರಿಯುದ್ದಕ್ಕೂ ಒಂದೇ ಮಾತು: ಹಣ್ಣು ಎಡಗಡೆ, ಅದು ಸ್ಪಷ್ಟ, ಬೆರಳು ಬಲಗಡೆ, ಅದು ಮಸುಕು, ಅಂದರೆ ಬಲಗಡೆಯ ಗಾಜು ಹೋಗಿದೆ. ರಿಪೇರಿಗೆ ಬೆಂಗಳೂರಿಗೆ ಕಳಿಸು ಮಾರಾಯ ಎಂದೆ. ಅವರು ಯುಗಾದಿಯವರೆಗೆ ಇಟ್ಟುಕೊಳ್ಳುತ್ತಾರೆ ಎಂದ.

ಮರುದಿನ ಬೆಳಿಗ್ಗೆ ಬಂದು ನನ್ನ ಹೋಟೆಲಿನ ಒಂದು ಇಡ್ಲಿ ತಟ್ಟೆ ಕೇಳಿದ. ಏತಕ್ಕೆಂದು ಕೇಳದೆ ಕೊಟ್ಟೆ. ಲೆನ್ಸು ಬಿಚ್ಚುವಾಗ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಒಂದೊಂದು ಗುಳಿಯಲ್ಲಿ ಇಟ್ಟುಕೊಳ್ಳುವುದಕ್ಕಂತೆ. ಬಿಳಿ ಟವೆಲು ಹಾಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಹಿಂದಿನ ಬಳೆ ತೆಗೆದ, ಅದರ ಕೆಳಗಿನ ಬಳೆ ತೆಗೆದ, ಬೂಷ್ಟು ಹಿಡಿದ ಗಾಜನ್ನು ಹೊರಗೆ ತಂದ. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಕೊಡುತ್ತಾರಲ್ಲ, ಆ ನೊರೆ ಬರುವ ನೀರನ್ನು ಹತ್ತಿಗೆ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಿದ. ಎಳೆ ಹೋಯಿತು. ಅಷ್ಟರವರೆಗೆ ಎಲ್ಲ ಸರಿಯೇ. ಮತ್ತೆ ಜೋಡಿಸುವಾಗ ಒಳಗಿನ ಪಟ್ಟಿ ವೈರೊಂದು ಅವನ ಹೆಬ್ಬೆರಳಿಗೆ ಸಿಕ್ಕಿ ಹರಿಯಿತು. ತಾನೇ ಫೋಕಸ್ ಮಾಡಿಕೊಳ್ಳುವ ಶಕ್ತಿ ಲೆನ್ಸಿಗೆ ಅಲ್ಲಿಗೆ ಮುಗಿಯಿತು.

ಅವನು ಅಷ್ಟಾದರೂ ಎದೆಗುಂದಲಿಲ್ಲ. ಹತ್ತಿರದ ಫೋಟೊಕ್ಕೆ ಕೈಯಿಂದಲೇ ಫೋಕಸ್ ಮಾಡುವುದು ಅವನ ರೂಢಿ. ನೇರ ಎಸ್ಟೇಟಿಗೆ ಹೋಗಿ ಭಾಗಮ್ಮನ ಕೈ ಮತ್ತೆ ತೊಳೆಸಿದ, ಮತ್ತೆ ತೆಗೆದ. ಮತ್ತೆ ಹಾಗೇ ಬಂತು.

ಇಡ್ಲಿ ತಟ್ಟೆ ಎರಡು ದಿನವಾದರೂ ಹಿಂದೆ ಬರಲಿಲ್ಲವೆಂದು ಸಿಟ್ಟಿನಲ್ಲಿ ನಾನೇ ಸ್ಟುಡಿಯೊಕ್ಕೆ ಹೋದೆ. ಇದ್ರೀಸ್ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಸೋಮವಾರದಿಂದ ಗ್ಯಾರೇಜಿಗೆ ಬರುತ್ತೇನೆ ಎಂದು ಅಫ್ಜಲನಿಗೆ ಹೇಳಿಯೂ ಆಗಿತ್ತಂತೆ. ಅನ್ವರಿ ಹೊಲಿಗೆ ಮೆಷಿನ್ನು ನಿಲ್ಲಿಸಿ ಬಾಗಿಲಿಗೆ ಒರಗಿ ನಿಂತಿದ್ದಳು. ಮನೆಯಲ್ಲಿ ಅವರದು ಉರ್ದು. ನನ್ನನ್ನು ನೋಡಿ ಕನ್ನಡಕ್ಕೆ ಬಂದಳು.

"ಕೇಳಿ ಭಟ್ರೆ. ಒಂದೊಂದನ್ನೇ ಬದಲಾಯಿಸ್ಬೇಕು ಅಂತ ಊರಿಗೆಲ್ಲ ಪಾಠ ಹೇಳ್ತಾರೆ. ಬೆಳಕು ಬದಲಾಯಿಸಿದ್ರು, ಸ್ಟ್ಯಾಂಡ್ ಬದಲಾಯಿಸಿದ್ರು, ಲೆನ್ಸ್ ಬಿಚ್ಚಿ ಹರಗಿದ್ರು. ಬೆರಳು ಬದಲಾಯಿಸಿದ್ರಾ ಅಂತ ಕೇಳಿ."

ಇದ್ರೀಸ್ ತಲೆ ಎತ್ತಿದ. ಅವಳು ಮೇಜಿನ ಮೇಲಿದ್ದ ಕಪ್ಪು ಬಟ್ಟೆಯ ಮೇಲೆ ತನ್ನ ಹೆಬ್ಬೆರಳನ್ನು ಒಳಭಾಗ ಮೇಲಾಗುವಂತೆ ಇಟ್ಟು, "ತೆಗೀರಿ" ಎಂದಳು.

ತೆಗೆದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಬಾಚಣಿಗೆ ಎಳೆದ ಹಾಗೆ ಸಾಲು ಸಾಲು ಗೆರೆಗಳು. ನಡುವೆ ಸೂಜಿ ಚುಚ್ಚಿದ ಚುಕ್ಕೆಗಳು, ಒಂದು ಕಡೆ ಸಿಕ್ಕಿಕೊಂಡ ನೀಲಿ ನೂಲಿನ ಎಳೆ. ಬೆರಳನ್ನು ಬಲಗಡೆಗೆ ಸರಿಸಿ ತೆಗೆದ. ಗೆರೆಗಳು ಅಲ್ಲೂ ಹಾಗೇ ಇದ್ದವು. ಪಕ್ಕದಲ್ಲಿ ಭಾಗಮ್ಮನ ಫೋಟೊ ತೆರೆದು, ಉಗುರಿನ ಬಳಿಯ ಆ ಬಿರುಕನ್ನು ಮೊದಲ ಸಲ ಸರಿಯಾಗಿ ನೋಡಿದ.

"ಲೆನ್ಸಿಗೆ ಎಂತದೂ ಆಗಿರ್ಲಿಲ್ಲ ಭಟ್ರೆ" ಎಂದ. "ಫೋಟೊ ಮೊದಲನೇದೇ ಸರಿ ಇತ್ತು. ಅವ್ರ ಬೆರಳಲ್ಲಿ ಗೆರೆನೇ ಇಲ್ಲ."

ಗ್ಯಾರೇಜು ತಪ್ಪಿತಲ್ಲ ಎಂದು ಅವನು ಸಂತೋಷಪಡಬೇಕಿತ್ತು. ಪಡಲಿಲ್ಲ. ನನಗೂ ಏನೋ ಕಸಿವಿಸಿಯಾಯಿತು. ಬೆಳಕು ಹಿಡಿದು ಅಷ್ಟು ಹತ್ತಿರ ನಿಂತಿದ್ದೆ, ಕ್ಯಾಮೆರಾ ತೋರಿಸಿದ್ದನ್ನು ನೋಡಿದ್ದೆ. ಗಾಜು ಕೆಟ್ಟಿರಬಹುದು ಎಂದು ನಂಬಿದೆನೇ ಹೊರತು, ದುಡಿದು ದುಡಿದು ಒಬ್ಬರ ಬೆರಳು ಸವೆದಿರಬಹುದು ಎಂದು ಹೊಳೆಯಲಿಲ್ಲ. ಇಡ್ಲಿ ತಟ್ಟೆ ತೆಗೆದುಕೊಂಡು ಬಂದೆ.

ಆ ವಾರದ ಕೊನೆಯಲ್ಲಿ ಭಾಗಮ್ಮ ಕೊಟ್ಟಿಗೆಹಾರಕ್ಕೆ ಬಂದಳು. ರೇಷನ್ ಡಿಪೋದಿಂದ ಹೊರಗೆ ಬಂದವಳು ನನ್ನ ಹೋಟೆಲಿನ ಬೆಂಚಿನಲ್ಲಿ ಕೂತು ಚಹಾ ಕೇಳಿದಳು. ಇದ್ರೀಸ್ ಕಂಡು ಕರೆದ, ನಾನೂ ಜೊತೆಗೆ ಹೋದೆ. ಕಂಪ್ಯೂಟರಿನ ಮುಂದೆ ಕೂರಿಸಿ ಎರಡು ಹೆಬ್ಬೆರಳನ್ನೂ ಪಕ್ಕ ಪಕ್ಕ ತೋರಿಸಿದ. ಗೆರೆ ಇರುವುದು ಅನ್ವರಿಯದು ಎಂದ.

"ಬೋಳಿರೋದು ಯಾರ್ದು?"

"ನಿಮ್ದು ಭಾಗಮ್ಮ."

ಅವಳು ಪರದೆಯನ್ನು ನೋಡಿದಳು, ತನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಡಿಪೋದ ಮಾತು ತೆಗೆದಳು. ಕಾರ್ಡಿನಲ್ಲಿ ಹೆಸರಿರುವವರೆಲ್ಲ ಡಿಪೋದ ಮೆಷಿನ್ನಿಗೆ ಹೆಬ್ಬೆಟ್ಟು ಕೊಡಬೇಕಂತೆ. ಮಗನದ್ದು ಬಂತು, ಸೊಸೆ ಭುವನಾಳದ್ದು ಬಂತು, ಮೊಮ್ಮಕ್ಕಳದ್ದೂ ಬಂತು. ಇವಳದ್ದು ಮಳೆಗಾಲದಿಂದ ಬರುತ್ತಿಲ್ಲ. ಮುಂದಿನ ತಿಂಗಳು ಹೆಸರು ತೆಗೆದುಹಾಕುತ್ತಾರೆ.

"ಸರಿಯಾಗಿ ಒತ್ತಜ್ಜಿ, ಸರಿಯಾಗಿ ಒತ್ತಜ್ಜಿ ಅಂತ ಎಲ್ರ ಎದ್ರಿಗೂ ಹೇಳ್ತಾರೆ. ಕೈ ಕೊಳೆ ಇದೆ, ತೊಳ್ಕೊಂಡ್ ಬಾ ಅಂತಾರೆ. ಮನೇಲೂ ಸೊಸೆ, ನಿಮಗೊಂದು ಬೆರಳು ಒತ್ತಕ್ ಬರಲ್ವಾ ಅತ್ತೆ ಅಂತಾಳೆ. ಅದಕ್ಕೇ ಇಲ್ಲಿಗೆ ಬರೋ ಹಿಂದಿನ ದಿನ ಒಗೆಯೋ ಕಲ್ಲಿಗೆ ಹಾಕಿ ತಿಕ್ತೀನಿ ಸಾಬ್ರೆ. ಬೂದಿ ಹಾಕಿ ತಿಕ್ತೀನಿ. ರಕ್ತ ಬರೋವರೆಗೂ ತಿಕ್ಕಿದೀನಿ."

ಎರಡು ಸಲ ಅವಳನ್ನು ನಲ್ಲಿಯ ಹತ್ತಿರ ಕಳಿಸಿದವನು ಇದ್ರೀಸನೇ. ಇಷ್ಟು ವರ್ಷ ಹಣ್ಣು ಕಿತ್ತು ಉಳಿದಿದ್ದ ಒಂದೆರಡು ಗೆರೆಗಳೂ ಆ ಕಲ್ಲಿನ ಮೇಲೆ ಹೋಗಿರಬೇಕು.

"ನಂಗೊಂದು ಇದರ ಫೋಟೊ ಕೊಡಿ. ಸಣ್ಣದು ಸಾಕು, ಡಿಪೋದಲ್ಲಿ ತೋರಿಸ್ತೀನಿ" ಎಂದಳು.

ಸ್ಟುಡಿಯೊದಲ್ಲಿ ಸಣ್ಣದು ಎಂದರೆ ಪಾಸ್‌ಪೋರ್ಟ್ ಸೈಜು. ಮುಖಕ್ಕೆ ಮಾಡುವಂತೆಯೇ ಒಂದು ಹಾಳೆಯಲ್ಲಿ ಸಾಲಾಗಿ ಭಾಗಮ್ಮನ ಹೆಬ್ಬೆರಳುಗಳನ್ನು ಜೋಡಿಸಿ ಅಚ್ಚು ಹಾಕಿದ, ಕತ್ತರಿಸಿದ, ಸ್ಟುಡಿಯೊದ ಹೆಸರಿರುವ ಸಣ್ಣ ಕವರಿಗೆ ಹಾಕಿಕೊಟ್ಟ. ಮೂವರೂ ಡಿಪೋಕ್ಕೆ ಹೋದೆವು.

ಡಿಪೋದ ಕುಮಾರ್ ಕೆಟ್ಟವನಲ್ಲ. ದಿನವಿಡೀ ಮೆಷಿನ್ನಿನ ಕೆಂಪು ದೀಪ ನೋಡಿ ನೋಡಿ ರೇಗುವ ಮನುಷ್ಯ, ಅಷ್ಟೇ. ಫೋಟೊ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

"ಮೆಷಿನ್ ಫೋಟೊ ತಗೊಳ್ಳಲ್ಲ ಅಜ್ಜಿ."

"ಮೆಷಿನ್ನಿಗಲ್ಲ. ನಿಮಗೆ" ಎಂದಳು ಭಾಗಮ್ಮ.

ಅವನು ಇನ್ನೊಮ್ಮೆ ನೋಡಿದ. ಮೂಡಿಗೆರೆಯಲ್ಲಿ ಕಣ್ಣು ನೋಡುವ ಮೆಷಿನ್ನಿದೆ, ಬೆರಳು ಬಾರದವರಿಗೆ ಅಲ್ಲಿ ಆಗುತ್ತದೆ ಎಂದ. ಇದನ್ನ ಮೊದಲೇ ಹೇಳೋದಕ್ಕೆ ನಿಂಗೇನಾಗಿತ್ತು ಎಂದು ನಾನು ಜೋರು ಮಾಡಿದೆ. "ಬೆರಳು ಬರಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಭಟ್ರೆ? ಒತ್ತಕ್ಕೆ ಬರಲ್ಲ ಅಂತ್ಲೇ ತಿಳ್ಕೊಂಡಿದ್ದೆ" ಎಂದ. ಭಾಗಮ್ಮನಿಗೆ ಕುರ್ಚಿ ಕೊಟ್ಟ. ಅದೇ ಬೆರಳು ನೋಡಿ ನಾವೂ ಲೆನ್ಸಿನ ತಪ್ಪು ಎಂದು ತಿಳಿದದ್ದು ನನಗೆ ನೆನಪಾಯಿತು.

ಅಫ್ಜಲ್ ತನ್ನ ಜೀಪಿನಲ್ಲಿ ಅವಳನ್ನು ಮೂಡಿಗೆರೆಗೆ ಕರೆದುಕೊಂಡು ಹೋಗಿಬಂದ. ಕಣ್ಣನ್ನು ಮೆಷಿನ್ನು ಮೊದಲ ಸಲಕ್ಕೇ ಒಪ್ಪಿಕೊಂಡಿತು. ಹೆಸರು ಕಾರ್ಡಿನಲ್ಲಿ ಉಳಿಯಿತು. ತಮ್ಮ ಸೋಮವಾರ ಗ್ಯಾರೇಜಿಗೆ ಬರಲಿಲ್ಲವೆಂದು ಅಫ್ಜಲ್ ಬೇಸರವನ್ನೇನೂ ಮಾಡಿಕೊಳ್ಳಲಿಲ್ಲ. ಬಂದಿದ್ದರೆ ಉಗುರು ನೋಡಿಕೊಳ್ಳುತ್ತಾ ಕೂತಿರುತ್ತಿದ್ದ ಎಂದ.

ಮೊದಲ ದಿನ ತೆಗೆದ ಫೋಟೊವನ್ನೇ ಇದ್ರೀಸ್ ದೊಡ್ಡದು ಮಾಡಿ ಪಂಚಮಿಯವರಿಗೆ ಕೊಂಡುಹೋದ. ಅವರು ಸ್ವಲ್ಪ ಹಿಂದೆ ನಿಂತು ನೋಡಿ, "ಚೆನ್ನಾಗಿದೆ. ಆದ್ರೆ ಬೆರಳನ್ನ ಕಂಪ್ಯೂಟರಲ್ಲಿ ಇಷ್ಟು ನೈಸ್ ಮಾಡ್ಬಾರ್ದಿತ್ತು ಇದ್ರೀಸ್. ಗೆರೆ ವಾಪಸ್ ಹಾಕಿ ಕೊಡ್ತೀರಾ?" ಎಂದರಂತೆ. ಹಾಕಲು ಬರುವುದಿಲ್ಲ ಅಮ್ಮ ಎಂದು ಅವನು ಕಾರಣ ಹೇಳಿದ. ಫೋಟೊ ಇದ್ದ ಹಾಗೇ ಗೋಡೆಯಲ್ಲಿದೆ. ಬಂದವರು ಹಣ್ಣಿನ ಮೇಲಿನ ಇಬ್ಬನಿಯನ್ನು ಹೊಗಳುತ್ತಾರೆಂದು ಕೇಳಿದ್ದೇನೆ.

ಪಾರ್ಚ್‌ಮೆಂಟನ್ನು ಅನ್ವರಿ ಗೊಬ್ಬರದ ಗುಂಡಿಗೆ ಸುರಿದಳು. ಲೆನ್ಸು ಈಗ ಮಳೆಗಾಲದಲ್ಲಿ ನನ್ನ ಹೋಟೆಲಿನ ಗಾಜಿನ ಬೀರುವಿನಲ್ಲಿ, ಬನ್ನು ಬೆಚ್ಚಗಿರಲೆಂದು ಹಾಕಿದ ಬಲ್ಬಿನ ಕೆಳಗೆ ಇರುತ್ತದೆ. ನನಗೆ ಯುಪಿಎಸ್ ಇದೆ. ಅದೇನು ತಿಂಡಿ ಎಂದು ಗಿರಾಕಿಗಳು ಕೇಳುತ್ತಾರೆ. ಫೋಕಸ್ ಕೈಯಿಂದಲೇ ಮಾಡಬೇಕು, ಅದೊಂದು ಬಿಟ್ಟರೆ ಚೆನ್ನಾಗಿದೆ.

ಭಾಗಮ್ಮ ಮೊನ್ನೆ ಬಂದಿದ್ದಳು. ಚಹಾ ಕುಡಿದು, ಎಲೆಯಡಿಕೆ ಚೀಲದಿಂದ ಆ ಕವರು ತೆಗೆದಳು. ಅದರಲ್ಲಿ ಈಗ ಒಂದೇ ಫೋಟೊ ಉಳಿದಿದೆ. ಒಂದನ್ನು ಕುಮಾರನೇ ಕೇಳಿ ಇಟ್ಟುಕೊಂಡನಂತೆ, ಒಂದನ್ನು ಸೊಸೆಗೆ ಕೊಟ್ಟಳಂತೆ. ಮಿಕ್ಕವು ಲೈನಿನ ಹೆಂಗಸರಿಗೆ ಹೋದವು. ಸಿದ್ದಮ್ಮನೆಂಬವಳದ್ದೂ ಈಗ ಮೆಷಿನ್ನಿನಲ್ಲಿ ಬರುತ್ತಿಲ್ಲವಂತೆ, ಅವಳಿಗೂ ಒಂದು ತೆಗೆಸಬೇಕಂತೆ. ನಾನು ಮೊದಲು ನೋಡಿಲ್ಲವೇನೋ ಎಂಬ ಹಾಗೆ ಫೋಟೊವನ್ನು ನನ್ನ ಕೈಗೆ ಕೊಟ್ಟಳು. ನಾನೂ ಮೊದಲ ಸಲ ನೋಡುವವನ ಹಾಗೆ ನೋಡಿದೆ.

"ನಂದೇ ಭಟ್ರೆ" ಎಂದಳು. "ನಾನು ಸರಿಯಾಗೇ ಒತ್ತಿದ್ದೆ."